ಹಮೀದಾ ಬಾನು ಸೋತಿದ್ದು ಯಾರ ಕೈಲಿ?

1954ರ ಫೆಬ್ರವರಿ. ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ದೇಶದ ಗಂಡಸರಿಗೆಲ್ಲ ಒಂದು ಸವಾಲು ಹಾಕ್ತಾಳೆ. 'ಕುಸ್ತಿಯಲ್ಲಿ ನನ್ನನ್ನು ಸೋಲಿಸಿ, ಮದುವೆ ಆಗ್ತೀನಿ.'

ಹೆಸರು ಹಮೀದಾ ಬಾನು. ಹುಟ್ಟಿದ್ದು ಉತ್ತರ ಪ್ರದೇಶದ ಮಿರ್ಜಾಪುರದಲ್ಲಿ, ಪಳಗಿದ್ದು ಅಲಿಗಢದಲ್ಲಿ, ಸಲಾಂ ಪೈಲ್ವಾನ್ ಎಂಬ ಉಸ್ತಾದನ ಕೈಕೆಳಗೆ. ಆ ಸವಾಲಿನ ನಂತರ ಪಟಿಯಾಲದ ಒಬ್ಬ, ಕಲ್ಕತ್ತಾದ ಇನ್ನೊಬ್ಬ, ಇಬ್ಬರೂ ಮಣ್ಣು ಮುಕ್ಕಿದ್ರು. ಮೇ ತಿಂಗಳಲ್ಲಿ ಬರೋಡಾ. ಅಲ್ಲಿ ಮೊದಲು ಬರಬೇಕಿದ್ದವನು ಛೋಟಾ ಗಾಮಾ, ಬರೋಡಾ ಮಹಾರಾಜರ ಆಶ್ರಯದಲ್ಲಿದ್ದ ಪೈಲ್ವಾನ. ಹೆಂಗಸಿನ ಜೊತೆ ಸೆಣಸಲ್ಲ ಅಂತ ಕೊನೇ ಗಳಿಗೆಯಲ್ಲಿ ಹಿಂದೆ ಸರಿದ. ಬಾಬಾ ಪೈಲ್ವಾನ್ ಬಂದ. 1 ನಿಮಿಷ 34 ಸೆಕೆಂಡ್. ಅಷ್ಟೇ! ಟೀವಿಯಲ್ಲಿ ನಾವು ಬ್ರೇಕ್ ತಗೊಂಡು ವಾಪಸ್ ಬರೋದರೊಳಗೆ ಇಂಥ ಎರಡು ಕುಸ್ತಿ ಮುಗಿದಿರುತ್ತೆ.

ಪತ್ರಿಕೆಗಳು ಆಕೆಯನ್ನು 'ಅಲಿಗಢದ ಅಮೆಜಾನ್' ಅಂತ ಕರೆದವು. ಎತ್ತರ 5 ಅಡಿ 3 ಇಂಚು, ತೂಕ 108 ಕೆಜಿ. ದಿನಕ್ಕೆ ಐದೂವರೆ ಲೀಟರ್ ಹಾಲು, ಒಂದು ಇಡೀ ಕೋಳಿ, ಒಂದು ಕೆಜಿ ಹತ್ತಿರ ಮಟನ್, 6 ಮೊಟ್ಟೆ, ಬಾದಾಮಿ, ಬೆಣ್ಣೆ, ಮೇಲೆ ಎರಡು ಪ್ಲೇಟ್ ಬಿರಿಯಾನಿ. ಊಟದ ಪಟ್ಟಿಯೇ ಸುದ್ದಿ! 300ಕ್ಕೂ ಹೆಚ್ಚು ಕುಸ್ತಿ, ಒಂದರಲ್ಲೂ ಸೋಲಿಲ್ಲ ಅನ್ನೋದು ಪ್ರಚಾರ. ಇಂಜಿನಿಯರಿಂಗ್ ಓದಿದ ತಪ್ಪಿಗೆ ನನಗೆ ಇಷ್ಟು ನುಣ್ಣಗಿರೋ ಅಂಕಿ ಕಂಡರೆ ಅನುಮಾನ ಬರುತ್ತೆ. ಆ ಅನುಮಾನ ಆಗಲೂ ಇತ್ತು. ನಮ್ಮ ಬೆಳಗಾವಿ ದಾಟಿದರೆ ಸಿಗೋ ಕೊಲ್ಹಾಪುರದಲ್ಲಿ ಆಕೆ ಒಬ್ಬ ಗಂಡಸನ್ನು ಕೆಡವಿದಾಗ, ಜನ ಇದೆಲ್ಲ ನಾಟಕ ಅಂತ ಕೂಗಿ ಕಲ್ಲು ತೂರಿದರು. ಪೊಲೀಸರು ಬರಬೇಕಾಯ್ತು. ಪುಣೆಯಲ್ಲಿ ಸ್ಥಳೀಯ ಕುಸ್ತಿ ಸಂಘ ತಕರಾರು ತೆಗೆದು ಪಂದ್ಯವನ್ನೇ ರದ್ದು ಮಾಡಿಸ್ತು. ಆಕೆ ಸುಮ್ಮನಿರಲಿಲ್ಲ. ಬಾಂಬೆ ರಾಜ್ಯದ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಗೇ ದೂರು ಕೊಟ್ಟಳು. ಉತ್ತರ ಏನು ಬಂತು ಗೊತ್ತಾ? ನಿಷೇಧ ನೀನು ಹೆಣ್ಣು ಅನ್ನೋ ಕಾರಣಕ್ಕಲ್ಲ, ಆಯೋಜಕರು ಎದುರಿಗೆ ಡಮ್ಮಿಗಳನ್ನು ನಿಲ್ಲಿಸ್ತಾರೆ ಅಂತ ದೂರು ಬಂದಿದೆ, ಅಂತ.

ಇರಬಹುದು. ಟಿಕೆಟ್ ಮಾರುವ ಕುಸ್ತಿಯಲ್ಲಿ ಆಟ ಎಷ್ಟು, ಆಟಾಟೋಪ ಎಷ್ಟು ಅಂತ ಇವತ್ತಿಗೂ ಹೇಳೋದು ಕಷ್ಟ. ಮದುವೆಯ ಷರತ್ತು ಕೂಡ ಜನ ಸೇರಿಸೋಕೆ ಹೂಡಿದ ಉಪಾಯವೇ ಅಂತ ನನಗನ್ನಿಸುತ್ತೆ. ಆದ್ರೆ ಒಂದು ಮಾತು. ಗಂಡಸು ಗೆದ್ದರೆ ಮೊದಲು ಚಪ್ಪಾಳೆ, ಆಮೇಲೆ ಅನುಮಾನ. ಈಕೆಗೆ ಮೊದಲೇ ಕಲ್ಲು.

ಅದೇ 1954ರಲ್ಲಿ ಬಾಂಬೆಯಲ್ಲಿ, ರಷ್ಯಾದ 'ಹೆಣ್ಣು ಕರಡಿ' ಅಂತ ಬಿಂಬಿಸಿದ್ದ ವೆರಾ ಚಿಸ್ಟಿಲಿನ್‌ಳನ್ನು ಒಂದು ನಿಮಿಷವೂ ಆಗುವ ಮೊದಲು ಚಿತ್ ಮಾಡಿದಳು. ಇನ್ನು ಯುರೋಪಿಗೆ ಹೋಗಿ ಸೆಣಸ್ತೀನಿ ಅಂತ ಘೋಷಿಸಿದಳು. ಅದಾದ ಸ್ವಲ್ಪ ಕಾಲಕ್ಕೇ ಕುಸ್ತಿ ಕಣದಿಂದ ಮಾಯ.

ಏನಾಯ್ತು? ಆಕೆಯ ದತ್ತುಮಗನ ಮಗ ಮುಂದೆ ಹೇಳಿದ ಪ್ರಕಾರ, ಯುರೋಪಿಗೆ ಹೋಗೋದು ಸಲಾಂ ಪೈಲ್ವಾನ್‌ಗೆ ಇಷ್ಟವಿರಲಿಲ್ಲ. ಹೊಡೆದು ಕೈ ಮುರಿದ. ಹೌದು, ಪಟ್ಟು ಕಲಿಸಿದ ಉಸ್ತಾದನೇ. ಇಬ್ಬರೂ ಗಂಡ ಹೆಂಡತಿ ಆಗಿದ್ದರು ಅಂತ ಸಲಾಂನ ಮಗಳು ಹೇಳ್ತಾಳೆ, ಅದನ್ನು ಈ ಮೊಮ್ಮಗ ಒಪ್ಪಲ್ಲ. ಮುರಿದ ಕೈಗೆ ಮಾತ್ರ ರೆಫರಿ ಇರಲಿಲ್ಲ, ಟಿಕೆಟ್ ಇರಲಿಲ್ಲ, ಸುದ್ದಿಯೂ ಆಗಲಿಲ್ಲ.

ಆಮೇಲೆ ಹಮೀದಾ ಬಾಂಬೆ ಪಕ್ಕದ ಕಲ್ಯಾಣದಲ್ಲೇ ಉಳಿದಳು. ಹಾಲು ಮಾರಿದಳು, ಒಂದಿಷ್ಟು ಮನೆ ಬಾಡಿಗೆ ಬರ್ತಿತ್ತು. ಕೈಯಲ್ಲಿ ಕಾಸು ಇಲ್ಲದಾದಾಗ ಮನೆಯಲ್ಲೇ ತಿಂಡಿ ಮಾಡಿ ರಸ್ತೆ ಬದಿ ಕೂತು ಮಾರಿದಳು. ತೀರಿಕೊಂಡಿದ್ದು 1986ರಲ್ಲಿ.