ಚಿಕಿತ್ಸಾ ಸಾಧನಗಳ ಪರೀಕ್ಷಕ: ಒಂದು ಚಾರಿತ್ರಿಕ ಅವಲೋಕನ

ನಿಗಡಿಯಿಂದ ಪುಣೆಯ ಕಡೆಗೆ ಹಳೆಯ ಮುಂಬಯಿ ರಸ್ತೆಯಲ್ಲಿ ಹೊರಟರೆ ಆಕುರ್ಡಿ, ಚಿಂಚವಡಗಳನ್ನು ದಾಟಿದ ಮೇಲೆ ಪಿಂಪ್ರಿ ಸಿಗುತ್ತದೆ. ಹೊಟ್ಟೆಪಾಡಿಗಾಗಿ ಕನ್ನಡನಾಡನ್ನು ಬಿಟ್ಟು ಬಂದ ನಮ್ಮ ಬಂಧುಗಳಲ್ಲಿ ಅನೇಕರು ಈ ದಾರಿಯಲ್ಲಿಯೇ ಕಾರ್ಖಾನೆಗೆ ಹೋಗಿಬರುವವರು. ಈ ಸೀಮೆಗೆ ಮೋಟಾರು, ಸ್ಕೂಟರುಗಳಿಂದ ಹೆಸರು ಬಂದಿತೆಂದು ಹೇಳುವುದುಂಟು. ಆದರೆ ಅವುಗಳಿಗಿಂತ ಮುಂಚೆಯೇ ಇಲ್ಲಿ ತಯಾರಾಗುತ್ತಿದ್ದ ವಸ್ತು ಪೆನಿಸಿಲಿನ್.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ಭಾರತ ಸರಕಾರವು 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಕಂಪನಿಯನ್ನು ಸ್ಥಾಪಿಸಿತು. 1955ರಲ್ಲಿ ಉತ್ಪಾದನೆ ಆರಂಭವಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಶಿಲೀಂಧ್ರಶಾಸ್ತ್ರಜ್ಞ ಎಂ. ಜೆ. ತಿರುಮಲಾಚಾರ್ ಅವರು ಇಲ್ಲಿಯ ಸಂಶೋಧನೆಯ ಮುಖ್ಯಸ್ಥರಾಗಿದ್ದರು. ಅವರ ಬಳಗವು ಕಂಡುಹಿಡಿದ ಹ್ಯಾಮೈಸಿನ್ ಔಷಧದ ಹೆಸರಿನಲ್ಲಿ ಕಂಪನಿಯ ಹೆಸರಿದೆ. ಅದನ್ನು ಕೊಡುವ ಸೂಕ್ಷ್ಮಜೀವಿಯ ಹೆಸರಿನಲ್ಲಿ ಪಿಂಪ್ರಿಯೇ ಇದೆ. ಶೋಧಕರ ಹೆಸರು ಹೀಗೆ ಉಳಿಯುತ್ತದೆ. ಆದರೆ ತಯಾರಾದ ಸೀಸೆ ರೋಗಿಗೆ ಯೋಗ್ಯವೆಂದು ಸಹಿ ಹಾಕುವ ಪರೀಕ್ಷಕನ ಹೆಸರು ಎಲ್ಲಿಯೂ ಕಾಣುವುದಿಲ್ಲ. ಆತನ ಕಸುಬಿಗೂ ಒಂದು ಇತಿಹಾಸವುಂಟು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂದು ನಮ್ಮ ಹಿರಿಯರು ಹೇಳುತ್ತಾರೆ. ಮೊದಮೊದಲು ಔಷಧಶಾಲೆಯ ಪರೀಕ್ಷೆಯೂ ಇದೇ ನಂಬಿಕೆಯ ಮೇಲೆ ನಿಂತಿತ್ತು. ಸೀಸೆಯನ್ನು ಕರಿಯ ಹಲಗೆಯ ಮುಂದೆಯೂ ಬಿಳಿಯ ಹಲಗೆಯ ಮುಂದೆಯೂ ಹಿಡಿದು ಕಸವಿದೆಯೇ ಎಂದು ನೋಡಬಹುದು. ಆದರೆ ಸೂಕ್ಷ್ಮಜೀವಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಾಣಬೇಕಾದರೆ ಸೀಸೆಯನ್ನು ಬಿಚ್ಚಿ, ದ್ರವವನ್ನು ಪೋಷಕ ರಸದಲ್ಲಿ ಬೆರೆಸಿ, 14 ದಿನ ಕಾಯಬೇಕು. ಬಿಚ್ಚಿದ ಸೀಸೆ ಮತ್ತೆ ರೋಗಿಗೆ ಸಲ್ಲದು. ಎಲ್ಲವನ್ನೂ ಬಿಚ್ಚಿದರೆ ಮಾರಲು ಏನೂ ಉಳಿಯದು. ಕೆಲವನ್ನೇ ಬಿಚ್ಚಿದರೆ ಉಳಿದವುಗಳ ವಿಷಯ ತಿಳಿಯದು. ನೂರಕ್ಕೆ ಒಂದು ಸೀಸೆ ಕೆಟ್ಟಿರುವ ದೊಡ್ಡ ರಾಶಿಯಿಂದ 20 ಸೀಸೆಗಳನ್ನು ಆರಿಸಿದರೆ, ಕೆಟ್ಟದ್ದು ಒಂದೂ ಕೈಗೆ ಸಿಗದೆ ಹೋಗುವ ಸಂಭವ ನೂರಕ್ಕೆ ಸುಮಾರು 82ರಷ್ಟು!

ಇದು ಬರಿಯ ಗಣಿತವಲ್ಲವೆಂಬುದು 1972ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ಸಿದ್ಧವಾಯಿತು. ರಕ್ತನಾಳಕ್ಕೆ ಏರಿಸುವ ಗ್ಲೂಕೋಸ್ ದ್ರವದಲ್ಲಿ ಸೂಕ್ಷ್ಮಜೀವಿಗಳು ಬೆಳೆದಿದ್ದವು. ಅದನ್ನು ಪಡೆದ ರೋಗಿಗಳಲ್ಲಿ ಐವರು ತೀರಿಕೊಂಡರು. ವಿಚಾರಣೆಯಿಂದ ಹೊರಬಿದ್ದ ಸಂಗತಿ ಹೀಗಿದೆ: ಸೀಸೆಗಳನ್ನು ಉಗಿಯಲ್ಲಿ ಕಾಯಿಸುವ ಆಟೋಕ್ಲೇವಿನ ಒಳಗೆ ಗಾಳಿ ಉಳಿದುಕೊಂಡು, ಕೆಳಗಿನ ಸಾಲುಗಳಿಗೆ ಬೇಕಾದಷ್ಟು ಶಾಖ ಮುಟ್ಟಿರಲಿಲ್ಲ. ಪರೀಕ್ಷೆಗೆ ತೆಗೆದ ಮಾದರಿಗಳು ನಿರ್ದೋಷವೆನಿಸಿದವು. ಶಾಖವನ್ನು ಬರೆದಿಡುವ ಯಂತ್ರವು ಮಾತ್ರ ಕಾಗದದ ಮೇಲೆ ಸತ್ಯವನ್ನೇ ಗುರುತಿಸಿತ್ತು. ಯಂತ್ರವೇ ಕೆಟ್ಟಿರಬೇಕೆಂದು ಬಗೆದು ಅದನ್ನು ಕಡೆಗಣಿಸಲಾಯಿತು. ಅಗುಳು ಬೆಂದಿತ್ತು; ಪಾತ್ರೆಯ ತಳ ಬೆಂದಿರಲಿಲ್ಲ.

ನಮ್ಮ ದೇಶವೂ ಇಂತಹ ದುಃಖದಿಂದ ಪಾರಾಗಲಿಲ್ಲ. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ವಿಷ ಬೆರೆತ ಗ್ಲಿಸರಿನ್ ಸೇವಿಸಿ 14 ಮಂದಿ ಪ್ರಾಣ ಕಳೆದುಕೊಂಡರು. ನ್ಯಾಯಮೂರ್ತಿ ಲೆಂಟಿನ್ ಅವರು ಅದರ ವಿಚಾರಣೆ ನಡೆಸಿದರು.

ಇಂತಹ ಅನುಭವಗಳಿಂದ ಪರೀಕ್ಷಕನ ಕೆಲಸದ ರೀತಿಯೇ ಬದಲಾಯಿತು. ಕೊನೆಯ ವಸ್ತುವನ್ನು ನೋಡುವುದರ ಜೊತೆಗೆ, ಅದು ಹುಟ್ಟಿದ ಪ್ರತಿಯೊಂದು ಹಂತವನ್ನೂ ಕಾಯುವುದು ಆತನ ಧರ್ಮವಾಯಿತು. 1974ರಲ್ಲಿ ಆರಂಭವಾದ ಐಸೊಮೆಡ್ ಕೇಂದ್ರವು ಇದಕ್ಕೆ ಒಳ್ಳೆಯ ಉದಾಹರಣೆ. ಮುಂಬಯಿಯ ತ್ರಾಂಬೆಯಲ್ಲಿರುವ ಈ ಕೇಂದ್ರದಲ್ಲಿ ಸಿರಿಂಜು, ಹೊಲಿಗೆಯ ದಾರ, ಗಾಯಕ್ಕೆ ಕಟ್ಟುವ ಬಟ್ಟೆ ಮೊದಲಾದವುಗಳನ್ನು ಪೊಟ್ಟಣ ಕಟ್ಟಿದ ಮೇಲೆಯೇ ಕೋಬಾಲ್ಟಿನ ಗಾಮಾ ಕಿರಣಗಳಿಗೆ ಒಡ್ಡುತ್ತಾರೆ. ಇಲ್ಲಿ ಪೊಟ್ಟಣವನ್ನು ಬಿಚ್ಚಬೇಕಾಗಿಲ್ಲ. ತಗುಲಿದ ಕಿರಣದ ಪ್ರಮಾಣವನ್ನು ಅಳೆದರಾಯಿತು.

ಕಾನೂನು ಮಾತ್ರ ನಿಧಾನವಾಗಿ ಬಂದಿತು. 1940ರ ಔಷಧ ಕಾಯಿದೆಯ ವ್ಯಾಪ್ತಿಗೆ ಒಮ್ಮೆ ಬಳಸಿ ಎಸೆಯುವ ಸಿರಿಂಜು, ಸೂಜಿಗಳು ಸೇರಿದ್ದು 1989ರಲ್ಲಿ. ಚಿಕಿತ್ಸಾ ಸಾಧನಗಳಿಗೆಂದೇ ರಚಿಸಿದ 2017ರ ನಿಯಮಗಳು 2018ರ ಜನವರಿ 1ರಿಂದ ಜಾರಿಗೆ ಬಂದವು.

ಕಾನೂನು ಎಷ್ಟೇ ಬಂದರೂ ಕಾಗದದ ಮೇಲಿನ ಗೆರೆಯನ್ನು ಓದಬೇಕಾದವನು ಮನುಷ್ಯನೇ. ಸಾಗಣೆಯ ಲಾರಿ ಬಾಗಿಲಲ್ಲಿ ನಿಂತಿರುವಾಗ, ಮೇಲಿನವರು ಅವಸರಪಡಿಸುತ್ತಿರುವಾಗ, “ಈ ರಾಶಿ ಹೊರಗೆ ಹೋಗಕೂಡದು” ಎಂದು ಹೇಳುವುದು ಸುಲಭವಲ್ಲ. ಹಾಗೆ ತಡೆದದ್ದರಿಂದ ಬದುಕಿದ ರೋಗಿಗೆ ತಾನು ಬದುಕಿದ ಕಾರಣವೇ ತಿಳಿಯದು. ಆದ್ದರಿಂದ ಕೃತಜ್ಞತೆಯ ಪತ್ರವೂ ಬಾರದು. ನಮ್ಮ ಮನೆಗಳ ತರುಣ ತರುಣಿಯರು ಇಂದು ಈ ಕಸುಬಿಗೆ ಹೋಗುವುದಾದರೆ, ಅದು ಬರಿಯ ಸಂಬಳದ ಕೆಲಸವೆಂದು ಹಿರಿಯರು ಭಾವಿಸದಿರಲಿ. ಬಂದ ನೆಲದ ಋಣವನ್ನು ತೀರಿಸಲು ಪರೀಕ್ಷಕನ ಒಂದು ಪ್ರಾಮಾಣಿಕ ಸಹಿಗಿಂತ ಬೇರೆ ದಾರಿಯನ್ನು ಹುಡುಕಬೇಕಾಗಿಲ್ಲ.