ಹೆಸರಿನ ಅಪಹರಣವೂ ಅಸ್ಥಿಯ ಸಾಕ್ಷ್ಯವೂ

ತಂಜಾವೂರು ಪ್ರಾಂತದ ಪಂಡಿತರೊಬ್ಬರು ಮೈಸೂರು ನಗರದ ಪ್ರಾಚ್ಯಕೋಶಾಗಾರಕ್ಕೆ ತಂದೊಪ್ಪಿಸಿದ ತಾಳೆಯೋಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಆರ್. ಶಾಮಶಾಸ್ತ್ರಿಗಳು ಕಂಡು, 1905ರಲ್ಲಿ ಅದನ್ನು ವಿದ್ವಲ್ಲೋಕಕ್ಕೆ ತಿಳಿಯಪಡಿಸಿ, 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದ ಸಂಗತಿಯು ವಾಚಕರಿಗೆ ತಿಳಿದೇ ಇದೆ. ಆ ಗ್ರಂಥದ ರಾಜನೀತಿಯ ವಿಷಯದಲ್ಲಿ ನಡೆದಷ್ಟು ಚರ್ಚೆಯು ಅದರ ನಾಲ್ಕನೆಯ ಅಧಿಕರಣದಲ್ಲಿರುವ ‘ಆಶುಮೃತಕ ಪರೀಕ್ಷೆ’ ಎಂಬ ಅಧ್ಯಾಯದ ವಿಷಯದಲ್ಲಿ ನಡೆದಂತೆ ತೋರುವುದಿಲ್ಲ. ಅಕಸ್ಮಾತ್ತಾಗಿ ಸತ್ತವನ ಶರೀರಕ್ಕೆ ಎಣ್ಣೆಯನ್ನು ಹಚ್ಚಿ ಪರೀಕ್ಷಿಸಬೇಕೆಂದೂ, ಕತ್ತು ಹಿಸುಕಲ್ಪಟ್ಟವನು, ನೇಣಿಗೆ ಸಿಕ್ಕಿದವನು, ನೀರಿನಲ್ಲಿ ಮುಳುಗಿದವನು, ವಿಷದಿಂದ ಸತ್ತವನು, ಇವರಿವರಲ್ಲಿ ಕಾಣುವ ಚಿಹ್ನೆಗಳು ಬೇರೆ ಬೇರೆಯೆಂದೂ ಅಲ್ಲಿ ವಿವರಿಸಿದೆ. ಆಮೇಲೆ ಪರೀಕ್ಷಕನು ಮನೆಮಂದಿಯನ್ನೂ ಪರಿಚಾರಕರನ್ನೂ ವಿಚಾರಿಸಬೇಕು. ಸತ್ತವನನ್ನು ಕರೆದವರಾರು, ಅವನ ಜತೆಗೆ ಇದ್ದವರಾರು ಎಂದು ಕೇಳಬೇಕು. ಸ್ತ್ರೀ, ದಾಯ, ವೃತ್ತಿಯ ಪೈಪೋಟಿ, ವ್ಯಾಪಾರ, ವ್ಯಾಜ್ಯ ಇವುಗಳಲ್ಲಿ ಯಾವುದು ಕೊಲೆಗೆ ಕಾರಣವಾಯಿತೆಂದು ಹುಡುಕಬೇಕು. ವಿಷವನ್ನು ಕಂಡುಹಿಡಿಯಲು ಸತ್ತವನ ಹೃದಯವನ್ನು ಬೆಂಕಿಗೆ ಹಾಕಿ ನೋಡುವ ಉಪಾಯವೂ ಅಲ್ಲಿದೆ. ಅದನ್ನು ಇಂದಿನ ವೈದ್ಯರಾರೂ ಒಪ್ಪಲಾರರು. ಆದರೆ ಬಾಯಿಲ್ಲದ ಹೆಣವನ್ನೇ ಮೊದಲನೆಯ ಸಾಕ್ಷಿಯನ್ನಾಗಿ ಮಾಡಿಕೊಳ್ಳಬೇಕೆಂಬ ತತ್ತ್ವವು ಇಂದಿಗೂ ಅಳಿದಿಲ್ಲ.

ಧರ್ಮಶಾಸ್ತ್ರಕಾರರ ದೃಷ್ಟಿ ಇನ್ನೊಂದು ತೆರನಾದುದು. ಯಾಜ್ಞವಲ್ಕ್ಯನು ವ್ಯವಹಾರ ನಿರ್ಣಯಕ್ಕೆ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ಹೇಳಿರುವನು. ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಇವುಗಳ ಬಲಾಬಲವನ್ನು ವಿಸ್ತಾರವಾಗಿ ವಿಚಾರಿಸಿದ್ದಾನೆ. ಈ ಮೂರೂ ಇಲ್ಲದ ಪಕ್ಷದಲ್ಲಿ ದಿವ್ಯ, ಎಂದರೆ ಬೆಂಕಿ ನೀರು ಮೊದಲಾದುವುಗಳ ಪರೀಕ್ಷೆ. ಆದರೆ ಮೂರು ಪ್ರಮಾಣಗಳೂ ಅಪರಾಧಿಯ ಕೈಯಲ್ಲಿಯೇ ಸೇರಿಕೊಂಡಿದ್ದರೆ ಗತಿಯೇನು? ಪತ್ರವೂ ಅವನದು, ಅನುಭೋಗವೂ ಅವನದು, ಮಾತನಾಡುವ ಸಾಕ್ಷಿಯೂ ಅವನೊಬ್ಬನೇ. ಎದುರಿಗೆ ನಿಂತವಳಾದರೋ ತಾಯಿ ಎಲ್ಲಿ ಎಂದು ಕೇಳುವ ಒಬ್ಬ ಹುಡುಗಿ. ಮೈಸೂರು ದಿವಾನರ ಮನೆತನದಲ್ಲಿಯೇ 1991ರಿಂದ 1994ರವರೆಗೆ ಇಂಥದೊಂದು ಸ್ಥಿತಿಯು ಒದಗಿತು.

ಸರ್ ಮಿರ್ಜಾ ಇಸ್ಮಾಯಿಲರ ಹೆಸರನ್ನು ಮೈಸೂರಿನವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರೊಡನೆ ಓದಿ, ಅವರ ಆಪ್ತ ಕಾರ್ಯದರ್ಶಿಯಾಗಿದ್ದು, 1926ರಿಂದ 1941ರವರೆಗೆ ದಿವಾನಗಿರಿಯನ್ನು ನಿರ್ವಹಿಸಿ, ಕನ್ನಂಬಾಡಿಯ ಕಟ್ಟೆಯ ಕೆಳಗೆ ಬೃಂದಾವನವನ್ನು ಎಬ್ಬಿಸಿ, ಬೀದಿಗಳ ಅಂದಚೆಂದಗಳಿಗಾಗಿ ಬೆಳಗಿನ ಸವಾರಿಯಲ್ಲಿ ತಾವೇ ನಿಂತು ನೋಡುತ್ತಿದ್ದ ಪುರುಷರು ಅವರು. 1959ರಲ್ಲಿ ಅವರು ಕಾಲವಾದರು. ಅವರ ಮಗಳ ಮಗಳು ಶಕೀರಾ ನಮಾಜಿ. 1947ರಲ್ಲಿ ಹುಟ್ಟಿದ ಈಕೆ ಭಾರತದ ವಿದೇಶಾಂಗ ಸೇವೆಯಲ್ಲಿದ್ದ ಅಧಿಕಾರಿಯೊಬ್ಬರನ್ನು ವಿವಾಹವಾಗಿ ನಾಲ್ವರು ಹೆಣ್ಣುಮಕ್ಕಳ ತಾಯಿಯಾದರು. ಬೆಂಗಳೂರಿನ ರಿಚ್ಮಂಡ್ ರಸ್ತೆಯ 81ನೆಯ ಸಂಖ್ಯೆಯ ವಿಶಾಲವಾದ ಬಂಗಲೆಯೂ ಬೇರೆ ಬೆಲೆಬಾಳುವ ಸ್ವತ್ತುಗಳೂ ಆಕೆಯ ಸ್ವಂತದ್ದಾಗಿದ್ದುವು.

ದೊಡ್ಡ ಆಸ್ತಿಗೆ ದೊಡ್ಡ ತೊಡಕುಗಳು ಬೆನ್ನಿಗೇ ಇರುವುವಷ್ಟೆ. ನಗರಭೂಮಿಯ ಮಿತಿಯನ್ನು ಕುರಿತ ಶಾಸನ, ತೆರಿಗೆ ಮೊದಲಾದುವುಗಳ ವ್ಯವಹಾರದಲ್ಲಿ ಸಹಾಯ ಮಾಡಬಲ್ಲವನೆಂದು ಕಾಣಿಸಿಕೊಂಡವನು ಮುರಳೀಮನೋಹರ ಮಿಶ್ರನೆಂಬುವನು. ಅವನು ತನ್ನನ್ನು ‘ಸ್ವಾಮಿ ಶ್ರದ್ಧಾನಂದ’ ಎಂದು ಕರೆದುಕೊಳ್ಳುತ್ತಿದ್ದನು. ಗುರುಕುಲ ಕಾಂಗಡಿಯನ್ನು ಸ್ಥಾಪಿಸಿ, 1926ರಲ್ಲಿ ದಿಲ್ಲಿಯಲ್ಲಿ ಹತರಾದ ಆರ್ಯಸಮಾಜದ ಸಂನ್ಯಾಸಿಗಳ ಹೆಸರೂ ಇದೇ. ಕಾಷಾಯವೂ ನಾಮವೂ ಸಂನ್ಯಾಸವಲ್ಲ. ಸರ್ವಸ್ವವನ್ನೂ ಬಿಟ್ಟವನೆಂಬುದನ್ನು ಸೂಚಿಸುವ ಬಿರುದನ್ನು ಇನ್ನೊಬ್ಬರ ಸರ್ವಸ್ವದ ಬಳಿಗೆ ಬರಲು ಉಪಯೋಗಿಸಿದುದು ಮಾತ್ರ ಗಮನಿಸಬೇಕಾದುದು. 1985ರಲ್ಲಿ ಶಕೀರಾ ಅವರ ಮೊದಲಿನ ವಿವಾಹವು ವಿಚ್ಛೇದನದಲ್ಲಿ ಮುಗಿಯಿತು. 1986ರಲ್ಲಿ ವಿಶೇಷ ವಿವಾಹ ಶಾಸನದ ಪ್ರಕಾರ ಮಿಶ್ರನೊಡನೆ ಮದುವೆಯಾಯಿತು. ಅನಂತರ ಆಕೆ ಅವನಿಗೆ ಸರ್ವಾಧಿಕಾರದ ಮುಖ್ತ್ಯಾರ್‌ನಾಮೆಯನ್ನು ಬರೆದುಕೊಟ್ಟರು, ಉಯಿಲನ್ನೂ ಮಾಡಿದರು, ಬ್ಯಾಂಕಿನ ಲೆಕ್ಕಗಳು ಜಂಟಿಯಾದುವು.

ಮುಖ್ತ್ಯಾರ್‌ನಾಮೆಯ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿವರಿಸದಿದ್ದರೆ ಮುಂದಿನ ಕಥೆಯು ತಿಳಿಯಲಾರದು. ಅದನ್ನು ಬರೆಸಿಕೊಂಡವನು ಬರೆದುಕೊಟ್ಟವರ ಸ್ಥಾನದಲ್ಲಿ ನಿಲ್ಲುತ್ತಾನೆ. ಅವನು ಹಾಕಿದ ರುಜು ಅವರ ರುಜು; ಅವನು ಮಾರಿದುದು ಅವರು ಮಾರಿದಂತೆ. ಕಾನೂನೇ ಒಬ್ಬರ ಹೆಸರನ್ನು ಇನ್ನೊಬ್ಬರಿಗೆ ಎರವಲು ಕೊಡಿಸುವ ಏರ್ಪಾಡು ಇದು. ಆದರೆ 1872ರ ಕರಾರು ಶಾಸನದ 201ನೆಯ ಕಲಮಿನ ಮೇರೆಗೆ ಬರೆದುಕೊಟ್ಟವರು ಸತ್ತ ಕ್ಷಣವೇ ಆ ಅಧಿಕಾರವೂ ಸಾಯುತ್ತದೆ. ಉಯಿಲಿನ ರೀತಿ ಇದಕ್ಕೆ ವಿರುದ್ಧವಾದುದು. ಬರೆದವರು ಸತ್ತಮೇಲೆಯೇ ಅದಕ್ಕೆ ಜೀವ. ಆದರೆ ಉಯಿಲನ್ನು ಮುಂದಿಟ್ಟುಕೊಂಡು ಹೊರಟವನು ಸಾವು ಹೇಗಾಯಿತು, ಎಲ್ಲಾಯಿತು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಮಕ್ಕಳೂ ಎದುರಿಗೆ ಬಂದು ನಿಲ್ಲುತ್ತಾರೆ. ಮುಖ್ತ್ಯಾರನಿಗೆ ಆ ಕಷ್ಟವಿಲ್ಲ, ಹೆಸರಿನವರು ಬದುಕಿದ್ದಾರೆಂದು ಲೋಕವು ನಂಬಿರುವವರೆಗೆ. ಆದುದರಿಂದ ಈ ಅಪರಾಧದಲ್ಲಿ ಕೊಲ್ಲುವುದರಷ್ಟೇ ಮುಖ್ಯವಾದುದು ಕೊಂದವರನ್ನು ಕಾಗದದ ಮೇಲೆ ಬದುಕಿಸಿಟ್ಟಿರುವುದು.

1991ರ ಮೇ ತಿಂಗಳ ಕೊನೆಯ ವಾರದಿಂದ ಶಕೀರಾ ಅವರನ್ನು ಕಂಡವರಿಲ್ಲ. ಮುಂಬಯಿಯಲ್ಲಿದ್ದ ಎರಡನೆಯ ಮಗಳು ಟೆಲಿಫೋನಿನಲ್ಲಿ ತಾಯಿಯನ್ನು ಕೇಳಿದಾಗಲೆಲ್ಲ ಒಂದೊಂದು ಸಮಾಧಾನ: ಹೈದರಾಬಾದಿಗೆ ಹೋಗಿದ್ದಾರೆ, ವಜ್ರದ ವ್ಯಾಪಾರಿಯೊಬ್ಬರ ಮನೆಯ ಮದುವೆಗೆ ಹೋಗಿದ್ದಾರೆ, ತೆರಿಗೆಯವರ ಕಾಟಕ್ಕಾಗಿ ಮರೆಯಾಗಿದ್ದಾರೆ, ಕೊನೆಗೆ ಗರ್ಭಿಣಿಯಾಗಿ ಅಮೆರಿಕದ ಆಸ್ಪತ್ರೆಯಲ್ಲಿದ್ದಾರೆ. ಆಸ್ಪತ್ರೆಯ ಹೆಸರನ್ನೂ ಹೇಳಿದನು. ಮಗಳು ವಿಚಾರಿಸಿ ನೋಡಲು ಅಲ್ಲಿ ಅಂಥ ರೋಗಿಯೇ ಇರಲಿಲ್ಲ. ಹೀಗಿರುವಾಗ ಒಂದು ದಿನ, ಅವನು ಮುಂಬಯಿಯಲ್ಲಿ ಇಳಿದುಕೊಂಡಿದ್ದ ಹೋಟೆಲಿನ ಕೋಣೆಯಲ್ಲಿ, ತಾಯಿಯ ಪಾಸ್‌ಪೋರ್ಟು ಆಕೆಯ ಕಣ್ಣಿಗೆ ಬಿದ್ದಿತು. ರಹದಾರಿಯು ಇಲ್ಲಿರುವಾಗ ಅದರ ಒಡತಿಯು ಸಮುದ್ರದಾಚೆಗೆ ಇರುವುದು ಹೇಗೆ? ಅಷ್ಟು ದಿನವೂ ಸುಳ್ಳಿಗೆ ಬೆಂಬಲವಾಗಿದ್ದ ಕಾಗದಗಳಲ್ಲಿ ಒಂದು ಸತ್ಯದ ಪಕ್ಷಕ್ಕೆ ತಿರುಗಿದುದು ಇದೇ ಮೊದಲು.

1992ರ ಜೂನ್ ತಿಂಗಳಿನಲ್ಲಿ ಮಗಳು ಬೆಂಗಳೂರಿನ ಅಶೋಕನಗರದ ಪೋಲೀಸ್ ಠಾಣೆಯಲ್ಲಿ ತಾಯಿಯು ಕಾಣೆಯಾಗಿರುವಳೆಂದು ಫಿರ್ಯಾದು ಕೊಟ್ಟಳು. ಅಲ್ಲಿಂದ ಸುಮಾರು ಎರಡು ವರ್ಷಗಳ ಕಾಲ ಏನೂ ಹೊರಬೀಳಲಿಲ್ಲ. ಆ ಅವಧಿಯಲ್ಲಿ ಮಿಶ್ರನು ಅದೇ ಬಂಗಲೆಯಲ್ಲಿ ವಾಸವಾಗಿದ್ದು, ಶಕೀರಾ ಅವರ ಹೆಸರಿನಲ್ಲಿ ಬ್ಯಾಂಕಿನ ಲೇವಾದೇವಿಯನ್ನೂ ಸ್ವತ್ತಿನ ವಿಕ್ರಯವನ್ನೂ ನಡೆಸುತ್ತಿದ್ದನು. ಇದರಲ್ಲಿ ಪೋಲೀಸರನ್ನು ಮಾತ್ರ ದೂರಿದರೆ ಸಾಲದು. ಪತ್ರವು ಸರಿಯಾಗಿದೆಯೇ ಎಂದು ನೋಡಿದವರು ಹಲವರಿದ್ದರೇ ಹೊರತು, ಪತ್ರವನ್ನು ಬರೆದುಕೊಟ್ಟಾಕೆಯು ಇದ್ದಾಳೆಯೇ ಎಂದು ಕೇಳುವುದು ಯಾವ ಕಚೇರಿಯ ಪದ್ಧತಿಯೂ ಆಗಿರಲಿಲ್ಲ.

1994ರ ಮಾರ್ಚ್ ತಿಂಗಳಿನಲ್ಲಿ ತನಿಖೆಯು ಕೇಂದ್ರ ಅಪರಾಧ ವಿಭಾಗದ ಕೈಗೆ ಬಂದಿತು. ಆ ತಿಂಗಳು ಮುಗಿಯುವುದರೊಳಗೆ ಮಿಶ್ರನ ದಸ್ತಗಿರಿಯಾಗಿ, ಅವನು ಕೊಟ್ಟ ಹೇಳಿಕೆಯ ಮೇಲೆ ಬಂಗಲೆಯ ಮಲಗುವ ಕೋಣೆಯ ಹೊರಗಿನ ಅಂಗಳವನ್ನು ಅಗೆಯಿಸಿದರು. ಪೋಲೀಸರ ಮುಂದೆ ಒಪ್ಪಿಕೊಂಡ ಮಾತು ನ್ಯಾಯಸ್ಥಾನದಲ್ಲಿ ನಿಲ್ಲುವುದಿಲ್ಲ. ಆದರೆ ಅಂದು ಜಾರಿಯಲ್ಲಿದ್ದ 1872ರ ಸಾಕ್ಷ್ಯ ಶಾಸನದ 27ನೆಯ ಕಲಮು ಒಂದು ವಿನಾಯಿತಿಯನ್ನು ಇಟ್ಟಿತ್ತು: ಆ ಮಾತಿನಿಂದ ಯಾವುದಾದರೂ ವಸ್ತುಸ್ಥಿತಿಯು ಬೆಳಕಿಗೆ ಬಂದರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ಸಾಕ್ಷ್ಯವಾಗುತ್ತದೆ. ಕಲ್ಲುಚಪ್ಪಡಿಗಳನ್ನು ಎತ್ತಿ ಮಣ್ಣನ್ನು ತೆಗೆದಾಗ ದೊಡ್ಡದೊಂದು ಮರದ ಪೆಟ್ಟಿಗೆಯೂ, ಅದರೊಳಗೆ ಹಾಸಿಗೆಯ ಮೇಲೆ ಅಸ್ಥಿಪಂಜರವೂ ಕಂಡುವು. ಈ ಕಾರ್ಯವನ್ನೆಲ್ಲ ವಿಡಿಯೋ ಚಿತ್ರದಲ್ಲಿ ತೆಗೆದಿಟ್ಟರು. ಪೆಟ್ಟಿಗೆಯನ್ನು ಮುಂಚಿತವಾಗಿಯೇ ಮಾಡಿಸಿ, ಗುಂಡಿಯನ್ನು ತೋಡಿಸಿ, ಆಕೆಗೆ ಮತ್ತು ಬರುವ ಔಷಧವನ್ನು ಕೊಟ್ಟು, ಜೀವವಿದ್ದಂತೆಯೇ ಹೂಳಿದನೆಂಬುದು ಸರ್ಕಾರದ ಪಕ್ಷದ ವಾದ. ಆ ಗಳಿಗೆಯನ್ನು ಕುರಿತು ಹೆಚ್ಚಾಗಿ ಬರೆಯುವುದು ಬೇಡ.

ಇನ್ನು ಪರೀಕ್ಷಕರ ಕೆಲಸ. ಹೂತ ಜಾಗವನ್ನು ತೋರಿಸಿದವನು ಮಿಶ್ರನೇ ಆದರೂ, ಸಿಕ್ಕಿದ ಅಸ್ಥಿಯು ಶಕೀರಾ ಅವರದೇ ಎಂದು ಬೇರೆ ಪ್ರಮಾಣದಿಂದ ಸಿದ್ಧವಾಗಬೇಕಾಗಿತ್ತು. ನೈಯಾಯಿಕರು, ಹಿಂದೆ ಕಂಡ ದೇವದತ್ತನೇ ಈಗ ಎದುರಿಗಿರುವವನು ಎಂಬ ಜ್ಞಾನವನ್ನು ಪ್ರತ್ಯಭಿಜ್ಞೆ ಎನ್ನುತ್ತಾರೆ. ಆ ಜ್ಞಾನಕ್ಕೆ ಮುಖ ಬೇಕು, ಧ್ವನಿ ಬೇಕು, ನಡೆ ಬೇಕು. ಮೂರು ವರ್ಷಗಳ ಮಣ್ಣು ಇವೊಂದನ್ನೂ ಉಳಿಸಿರಲಿಲ್ಲ. ಮನೆಯವರು ಉಡುಪನ್ನು ಗುರುತಿಸಬಹುದು. ಆದರೆ ಒಬ್ಬರ ಉಡುಪನ್ನು ಇನ್ನೊಬ್ಬರಿಗೆ ತೊಡಿಸಲೂ ಬಹುದಷ್ಟೆ. ಆದುದರಿಂದ ಪರೀಕ್ಷಕರು ಎಲುಬಿನಿಂದ ಹಂತಹಂತವಾಗಿ ಮೇಲಕ್ಕೆ ಬರಬೇಕು. ಕಟಿಯ ಎಲುಬಿನ ಅಗಲದಿಂದಲೂ ತಲೆಬುರುಡೆಯ ರಚನೆಯಿಂದಲೂ ಹೆಣ್ಣೋ ಗಂಡೋ ಎಂಬುದು, ಬುರುಡೆಯ ಸಂಧಿಗಳು ಕೂಡಿಕೊಂಡಿರುವ ಪ್ರಮಾಣ ಮತ್ತು ಹಲ್ಲುಗಳ ಸವೆತದಿಂದ ಸುಮಾರಾದ ವಯಸ್ಸು, ತೊಡೆಯ ಎಲುಬಿನ ಉದ್ದದಿಂದ ಎತ್ತರ, ಇವು ತಿಳಿಯುತ್ತವೆ. ಇಷ್ಟರಿಂದ ಇಂಥ ವಯಸ್ಸಿನ ಒಬ್ಬ ಸ್ತ್ರೀ ಎಂದಾಯಿತೇ ಹೊರತು ಇಂಥವಳೇ ಎಂದಾಗಲಿಲ್ಲ.

ಅದಕ್ಕೆ ಒಂದು ಉಪಾಯವು 1935ರಲ್ಲಿ ಬ್ರಿಟನ್ನಿನಲ್ಲಿ ಪ್ರಸಿದ್ಧಿಗೆ ಬಂದಿತು. ಲ್ಯಾಂಕಾಸ್ಟರಿನ ವೈದ್ಯನಾದ ಬಕ್ ರಕ್ಸ್‌ಟನ್ ಎಂಬುವನು ಹೆಂಡತಿಯನ್ನೂ ಮನೆಯ ದಾಸಿಯನ್ನೂ ಕೊಂದು, ಗುರುತು ಸಿಕ್ಕದಂತೆ ಮುಖಗಳನ್ನು ಕೆಡಿಸಿ, ತುಂಡುಗಳನ್ನು ಸ್ಕಾಟ್‌ಲೆಂಡಿನ ಮೊಫಟ್ ಎಂಬಲ್ಲಿ ಎಸೆದಿದ್ದನು. ವೈದ್ಯನ ಕೈಚಳಕವೇ ಅವನ ರಕ್ಷಣೆಯಾಗಿದ್ದಿತು. ಆದರೆ ಗ್ಲೇಸ್ಟರ್, ಬ್ರ್ಯಾಷ್ ಎಂಬ ಪ್ರಾಧ್ಯಾಪಕರು ಆಕೆಯ ಫೋಟೋವನ್ನು ತಲೆಬುರುಡೆಯ ಅಳತೆಗೆ ಹಿಗ್ಗಿಸಿ, ಅದೇ ಕೋನದಲ್ಲಿ ಬುರುಡೆಯ ಚಿತ್ರವನ್ನು ತೆಗೆದು, ಒಂದರ ಮೇಲೊಂದನ್ನು ಇಟ್ಟು ತೋರಿಸಿದರು. ಕಣ್ಣಿನ ಗೂಡು, ಮೂಗಿನ ಬುಡ, ಹಲ್ಲಿನ ಸಾಲು, ಗದ್ದದ ರೇಖೆ ಹೊಂದಿಕೊಂಡುವು. ಈ ಪರೀಕ್ಷೆಗೆ ಒಂದು ಮಿತಿಯಿದೆ: ಹೊಂದದಿದ್ದರೆ ಇವಳಲ್ಲವೆಂದು ದೃಢವಾಗಿ ಹೇಳಬಹುದು; ಹೊಂದಿದರೆ ಇವಳಾಗಿರಬಹುದೆಂದು ಮಾತ್ರ. ಶಕೀರಾ ಅವರ ವಿಷಯದಲ್ಲಿ ಈ ಪರೀಕ್ಷೆಯೂ ನಡೆದು, ಅದರ ಕೊರತೆಯನ್ನು ತುಂಬಲು ಡಿ.ಎನ್.ಎ. ಪರೀಕ್ಷೆಯೂ ನಡೆಯಿತು. ಈ ಎರಡನೆಯದನ್ನು ಅಲೆಕ್ ಜೆಫ್ರೀಸ್ ಎಂಬ ವಿಜ್ಞಾನಿಯು 1984ರಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಕಂಡುಹಿಡಿದನು. ಹೈದರಾಬಾದಿನ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದಲ್ಲಿ ಲಾಲ್ಜಿ ಸಿಂಗರು ಕೆಲವೇ ವರ್ಷಗಳಲ್ಲಿ ನಮ್ಮದೇ ವಿಧಾನವನ್ನು ಸಿದ್ಧಗೊಳಿಸಿದರು. ತಂದೆತಾಯಿಗಳಿಂದ ಅರ್ಧರ್ಧವಾಗಿ ಬಂದು, ಮಕ್ಕಳಿಗೆ ಅರ್ಧವಾಗಿ ಹೋಗುವ ಈ ಬರಹವು ಎಲುಬಿನ ಗರ್ಭದಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಇದನ್ನು ಯಾವ ಮುಖ್ತ್ಯಾರನೂ ತಿದ್ದಲಾರನು. ಹೈದರಾಬಾದಿನ ಕೇಂದ್ರದಲ್ಲಿ ಅಸ್ಥಿಯ ಬರಹವನ್ನು ಬಂಧುಗಳ ರಕ್ತದ ಬರಹದೊಡನೆ ಹೋಲಿಸಲು, ಅಂಗಳದ ಅಸ್ಥಿಗೆ ಹೆಸರು ದೊರಕಿತು.

ಹೆಸರು ಅಸ್ಥಿಗೆ ಸೇರಿದೊಡನೆಯೇ ಉಳಿದ ಕಾಗದಗಳೆಲ್ಲ ತಿರುಗಿಬಿದ್ದುವು. 1991ರ ಮೇ ತಿಂಗಳಿನಿಂದ ಈಚೆಗೆ ಆಕೆಯ ಪರವಾಗಿ ಬಿದ್ದ ಒಂದೊಂದು ರುಜುವೂ, ಆಕೆಯು ಸತ್ತಿರುವುದನ್ನು ಬಲ್ಲವನು ಬದುಕಿರುವಳೆಂದು ಹೇಳಿದುದಕ್ಕೆ ದಾಖಲೆಯಾಯಿತು. ಲಿಖಿತವೂ ಭುಕ್ತಿಯೂ ಅವನ ಪಕ್ಷವನ್ನು ಬಿಟ್ಟು ಅವನ ವಿರುದ್ಧದ ಸಾಕ್ಷಿಗಳಾದುವು.

ವಿಚಾರಣೆಯು ನಿಧಾನವಾಗಿ ನಡೆಯಿತು. 2005ರಲ್ಲಿ ಬೆಂಗಳೂರಿನ ಸೆಷನ್ಸ್ ನ್ಯಾಯಾಲಯವು ಮರಣದಂಡನೆಯನ್ನು ವಿಧಿಸಿತು. ಅದೇ ವರ್ಷ ಹೈಕೋರ್ಟು ಅದನ್ನು ಖಾಯಂ ಮಾಡಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಅಪರಾಧದ ವಿಷಯದಲ್ಲಿ ಏಕಾಭಿಪ್ರಾಯರಾಗಿದ್ದರೂ ಶಿಕ್ಷೆಯ ವಿಷಯದಲ್ಲಿ ಭಿನ್ನರಾದರು: ಸಿನ್ಹಾ ಅವರು ಜೀವಾವಧಿ ಸಾಕೆಂದರು, ಕಾಟ್ಜು ಅವರು ಮರಣವೇ ಯೋಗ್ಯವೆಂದರು. 2008ರ ಜುಲೈ 22ರಂದು ಮೂವರು ನ್ಯಾಯಾಧೀಶರ ಪೀಠವು ನಡುವಣ ಹಾದಿಯೊಂದನ್ನು ಹಿಡಿಯಿತು. ಮರಣದಂಡನೆ ಬೇಡ, ಆದರೆ ಜೀವಾವಧಿಯೆಂದರೆ ಹದಿನಾಲ್ಕು ವರ್ಷಗಳ ಮೇಲೆ ಬಿಡುಗಡೆ ಎಂಬ ರೂಢಿಯೂ ಬೇಡ, ಇವನು ಪ್ರಾಣವಿರುವವರೆಗೆ ಸೆರೆಯಲ್ಲಿಯೇ ಇರತಕ್ಕದ್ದು. ಇಂಥ ಶಿಕ್ಷೆಯನ್ನು ವಿಧಿಸುವ ಅಧಿಕಾರವು ನ್ಯಾಯಾಲಯಕ್ಕೆ ಇದೆಯೆಂಬುದನ್ನು 2015ರಲ್ಲಿ ಸಂವಿಧಾನ ಪೀಠವೂ ಎತ್ತಿಹಿಡಿಯಿತು. ಬೆಂಗಳೂರಿನ ಒಂದು ಅಂಗಳದಿಂದ ಎದ್ದ ವ್ಯವಹಾರವು ದೇಶದ ದಂಡನೀತಿಯಲ್ಲಿ ಹೊಸದೊಂದು ಪ್ರಕರಣವನ್ನೇ ಸೇರಿಸಿದಂತಾಯಿತು.

ಮುಖ್ತ್ಯಾರ್‌ನಾಮೆಯ ಮೂಲಕವಾಗಿಯೇ ಮನೆ ನಿವೇಶನಗಳನ್ನು ಕೊಂಡು ಮಾರುವ ಪದ್ಧತಿಯಿಂದ ಸ್ವತ್ತಿನ ಹಕ್ಕು ಬರಲಾರದೆಂದು ಸುಪ್ರೀಂ ಕೋರ್ಟು 2011ರಲ್ಲಿ ಬೇರೊಂದು ವ್ಯಾಜ್ಯದಲ್ಲಿ ತೀರ್ಮಾನಿಸಿತು. 1872ರ ಸಾಕ್ಷ್ಯ ಶಾಸನವು 2024ರ ಜುಲೈ 1ರಿಂದ ಹೋಗಿ, ಅದರ ಸ್ಥಾನಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮವು ಬಂದಿದೆ. ಅಂಗಳವನ್ನು ಅಗೆಯಿಸಿದ ಆ 27ನೆಯ ಕಲಮಿನ ಅಭಿಪ್ರಾಯವು ಅದರ 23ನೆಯ ಕಲಮಿನಲ್ಲಿ ಸೇರಿಕೊಂಡಿದೆ.