ತೆಳುಗಾಳಿಯ ನಾಡಿನಲ್ಲಿ ವಿಮಾನ

1948ರ ಮೇ 24ರಂದು ಶ್ರೀನಗರದಿಂದ ಹೊರಟ ಡಕೋಟಾ ವಿಮಾನವೊಂದು, ಜೋಜಿ ಲಾ ಮತ್ತು ಫೋಟು ಲಾ ಎಂಬ ಎರಡು ಘಟ್ಟಗಳನ್ನು ಆಕಾಶಮಾರ್ಗವಾಗಿ ದಾಟಿ, ಅದುವರೆಗೆ ಯಾವ ವಿಮಾನದ ಚಕ್ರವೂ ಮುಟ್ಟದಿದ್ದ ಲೇಹದ ನೆಲದ ಮೇಲೆ ಇಳಿಯಿತು. ಅದನ್ನು ನಡೆಸಿದವರು ಏರ್ ಕಮೋಡೋರ್ ಮೆಹರ್ ಸಿಂಗ್. ಅವರೊಡನೆ ಬಂದಿಳಿದವರು, ಆಗ ಕಾಶ್ಮೀರದ ರಣಾಂಗಣದಲ್ಲಿ ಸೇನಾವಿಭಾಗವೊಂದರ ಅಧಿಪತಿಗಳಾಗಿದ್ದ, ಮಡಿಕೇರಿಯಲ್ಲಿ ಹುಟ್ಟಿದ ನಮ್ಮ ಜನರಲ್ ತಿಮ್ಮಯ್ಯನವರು. ಆ ತಿಂಗಳಲ್ಲಿ ಕಾರ್ಗಿಲ್ ಶತ್ರುಗಳ ವಶವಾಗಿ, ಲೇಹಕ್ಕೆ ಹೋಗುವ ನೆಲದ ದಾರಿ ಕಡಿದುಹೋಗಿದ್ದಿತು. ಬೆರಳೆಣಿಕೆಯ ಕಾವಲು ಸೈನಿಕರನ್ನು ಹೊಂದಿದ್ದ ಆ ಪಟ್ಟಣವನ್ನು ಉಳಿಸಿಕೊಳ್ಳಬೇಕಾದರೆ ಆಕಾಶವೊಂದೇ ಉಳಿದ ದಾರಿಯಾಗಿದ್ದಿತು. ಮುಂದೆ ಅದೇ ದಾರಿಯಲ್ಲಿ ಗೂರ್ಖಾ ಸೈನಿಕರು ಬಂದಿಳಿದರು, ಲೇಹ ಉಳಿಯಿತು. ಈ ವೃತ್ತಾಂತವನ್ನು ಶೌರ್ಯದ ಕಥೆಯಾಗಿ ಹೇಳುವುದು ವಾಡಿಕೆ. ಅದು ನ್ಯಾಯವೂ ಹೌದು. ಆದರೆ ಆ ಶೌರ್ಯವು ಎದುರಿಸಿದುದು ಏನನ್ನು ಎಂಬುದನ್ನು ತಿಳಿಯದೆ ಅದರ ಬೆಲೆಯನ್ನು ಕಟ್ಟಲಾಗುವುದಿಲ್ಲ.

ಲೇಹದ ವಿಮಾನನಿಲ್ದಾಣ ಇರುವುದು ಸಮುದ್ರಮಟ್ಟದಿಂದ ಸುಮಾರು 10,700 ಅಡಿಗಳ ಎತ್ತರದಲ್ಲಿ. ಅಲ್ಲಿಯ ಗಾಳಿಯ ಸಾಂದ್ರತೆ ಕಡಲತೀರದ ಗಾಳಿಯ ಸಾಂದ್ರತೆಯಲ್ಲಿ ನೂರಕ್ಕೆ 72ರಷ್ಟು ಮಾತ್ರ. ಬಿಸಿಲೇರಿದ ಮಧ್ಯಾಹ್ನದಲ್ಲಿ ಅದು ಇನ್ನೂ ಕಡಮೆ. ವಿಮಾನವೆಂಬುದು ಗಾಳಿಯನ್ನೇ ಆಧರಿಸಿ ಬದುಕುವ ಯಂತ್ರವಾದುದರಿಂದ, ಈ ಕೊರತೆಯು ಅದರ ಅಂಗಾಂಗಗಳಿಗೆಲ್ಲ ಏಕಕಾಲದಲ್ಲಿ ತಟ್ಟುತ್ತದೆ: ಇಂಧನವನ್ನು ಉರಿಸಲು ಬೇಕಾದ ಆಮ್ಲಜನಕ ಸಾಲದೆ ಎಂಜಿನ್ನು ಬಲಗುಂದುತ್ತದೆ, ಹಿಂದಕ್ಕೆ ತಳ್ಳಲು ಸಾಕಷ್ಟು ಗಾಳಿ ಸಿಕ್ಕದೆ ಪ್ರೊಪೆಲ್ಲರಿನ ಸೆಳೆತ ಸಡಿಲುತ್ತದೆ, ರೆಕ್ಕೆಯಾದರೋ, ಅದೇ ಭಾರವನ್ನು ಎತ್ತಿಹಿಡಿಯಲು ನೂರಕ್ಕೆ ಹದಿನೇಳು ಹದಿನೆಂಟರಷ್ಟು ಹೆಚ್ಚಿನ ವೇಗವನ್ನು ಬೇಡುತ್ತದೆ. ಬಲ ಕಡಮೆಯಾದಾಗಲೇ ಬೇಡಿಕೆ ಹೆಚ್ಚುವ ಈ ವಿಪರೀತವೇ ಎತ್ತರದ ನೆಲದಲ್ಲಿ ವಿಮಾನ ನಡೆಸುವವರ ಮೂಲ ಸಂಕಟ.

ಅದನ್ನು ಪರಿಹರಿಸಲು ಮನುಷ್ಯನ ಕೈಯಲ್ಲಿರುವ ಉಪಾಯಗಳು ಮೂರೇ: ಓಡಲು ನೆಲವನ್ನು ಉದ್ದಮಾಡುವುದು, ಹೊರುವ ಭಾರವನ್ನು ತಗ್ಗಿಸುವುದು, ಎಳೆಯುವ ಬಲವನ್ನು ಹೆಚ್ಚಿಸುವುದು. ಲಡಾಖದ ವಿಮಾನಚರಿತ್ರೆಯೆಂದರೆ ಈ ಮೂರು ಉಪಾಯಗಳನ್ನು ಸಾಧಿಸಿದವರ ಚರಿತ್ರೆಯೆಂದೇ ನಾನು ಭಾವಿಸುತ್ತೇನೆ.

ಮೊದಲನೆಯದನ್ನು ಸಾಧಿಸಿದವರು ಸೋನಂ ನೋರ್ಬು, ಲಡಾಖದವರೇ ಆದ ಇಂಜಿನಿಯರು. 1948ರ ಫೆಬ್ರವರಿಯ ಘೋರ ಚಳಿಯಲ್ಲಿ, ಲಾಹುಲದ ಪೃಥ್ವೀಚಂದರ ನಾಯಕತ್ವದಲ್ಲಿ ಹೊರಟ ಸ್ವಯಂಸೇವಕ ಸೈನಿಕರ ಚಿಕ್ಕ ತಂಡದೊಡನೆ ಅವರು ಹಿಮ ತುಂಬಿದ ಜೋಜಿ ಲಾವನ್ನು ಕಾಲ್ನಡಿಗೆಯಲ್ಲಿ ದಾಟಿ, ಮಾರ್ಚಿನಲ್ಲಿ ಲೇಹವನ್ನು ಸೇರಿದರು. ಸೇರಿದ ಮೇಲೆ ಸ್ಥಳೀಯರ ಕೈದುಡಿಮೆಯಿಂದಲೇ ಸಿಂಧೂ ಕಣಿವೆಯಲ್ಲಿ ಇಳಿದಾಣವೊಂದನ್ನು ಸಮತಟ್ಟು ಮಾಡಿಸಿದರು. ತೆಳುಗಾಳಿಯಲ್ಲಿ ನೆಲ ಬಿಡುವ ವಿಮಾನವು ಹೆಚ್ಚಿನ ವೇಗವನ್ನು ಕಡಮೆ ಬಲದಿಂದ ಗಳಿಸಬೇಕಾದುದರಿಂದ, ಅದರ ಓಟವು ಕಡಲತೀರದ ಓಟಕ್ಕಿಂತ ಬಹಳ ದೀರ್ಘವಾಗುತ್ತದೆ. ಸಡಿಲ ಮಣ್ಣು ಚಕ್ರವನ್ನು ಹಿಡಿದರೆ ಅದು ಮತ್ತಷ್ಟು ಬೆಳೆಯುತ್ತದೆ. ಹೀಗಾಗಿ ಅಲ್ಲಿ ಎತ್ತಿಹಾಕಿದ ಒಂದೊಂದು ಕಲ್ಲೂ, ತುಂಬಿದ ಒಂದೊಂದು ಹಳ್ಳವೂ ಮುಂದೆ ಏರಲಿದ್ದ ವಿಮಾನಕ್ಕೆ ದೊರೆತ ಬಲವೇ ಆಗಿದ್ದಿತು.

ಇನ್ನು ಆರೋಹಣದ ಮಾತು. ವಿಮಾನವು ಮಟ್ಟಸವಾಗಿ ಹಾರಲು ಎಷ್ಟು ಬಲ ಬೇಕೋ ಅದನ್ನು ಕಳೆದು ಮಿಕ್ಕಿದ ಬಲದಿಂದಲೇ ಅದು ಮೇಲೇರಬೇಕು. ಎತ್ತರ ಹೆಚ್ಚಿದಂತೆ ಈ ಮಿಗುತಾಯವು ಕರಗುತ್ತ ಹೋಗಿ, ಕೊನೆಗೊಂದು ಮಟ್ಟದಲ್ಲಿ ಏನೂ ಉಳಿಯುವುದಿಲ್ಲ. ಡಕೋಟಾಕ್ಕೆ ತಲಾ 1,200 ಅಶ್ವಶಕ್ತಿಯ ಎರಡು ಎಂಜಿನ್ನುಗಳಿದ್ದವು. ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಅವುಗಳಿಗಿದ್ದಿತಾದರೂ ಅದರ ನೆರವು ಒಂದು ಎತ್ತರದವರೆಗೆ ಮಾತ್ರ. ಫೋಟು ಲಾದ ನೆತ್ತಿಯೇ 13,000 ಅಡಿಗಳನ್ನು ಮೀರಿದುದು. ಸುತ್ತಣ ಶಿಖರಗಳು ಅದಕ್ಕಿಂತ ಎಷ್ಟೋ ಉನ್ನತವಾದುವು. ಸಮತಲ ಯಾನದಲ್ಲಿ ತೆಳುಗಾಳಿಯು ಎದುರೊತ್ತುವುದು ಕಡಮೆಯೆಂಬುದು ನಿಜವೇ ಆದರೂ, ವಾಯುಭಾರವನ್ನು ಕಾಪಾಡುವ ಕೋಣೆಯಿಲ್ಲದ ಆ ವಿಮಾನದಲ್ಲಿ ಚಾಲಕನ ಉಸಿರಿಗೂ ಎಂಜಿನ್ನಿನ ಉಸಿರಿಗೂ ಒಂದೇ ಬಡತನ. ಭಾರ ಹೊತ್ತು ಘಟ್ಟದ ಮೇಲಿರುವಾಗ ಎರಡರಲ್ಲಿ ಒಂದು ಎಂಜಿನ್ನು ನಿಂತರೂ ಆ ಎತ್ತರವನ್ನು ಉಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಕೆಳಗೆ ಇಳಿಯೋಣವೆಂದರೆ ಬಂಡೆಯಲ್ಲದೆ ಬೇರೆ ನೆಲವೂ ಇರಲಿಲ್ಲ.

ಇಳಿಯುವ ಘಳಿಗೆಯಲ್ಲಿ ಚಾಲಕನಿಗೆ ಒದಗುವ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು. ಅವನೆದುರಿನ ವೇಗಮಾಪಕವು ಎದುರುಗಾಳಿಯ ಒತ್ತಡವನ್ನು ಅಳೆಯುವ ಉಪಕರಣವಾದುದರಿಂದ, ಲೇಹದಲ್ಲಿಯೂ ಅದರ ಮುಳ್ಳು ಮುಂಬಯಿಯಲ್ಲಿ ತೋರಿದ ಅಂಕವನ್ನೇ ತೋರುತ್ತಿರುತ್ತದೆ. ಆದರೆ ಕಣ್ಣೆದುರಿನ ನೆಲವು ಅಭ್ಯಾಸಕ್ಕಿಂತ ಬಹು ಶೀಘ್ರವಾಗಿ ಧಾವಿಸಿ ಬರುತ್ತದೆ. ಆಗ ಕಣ್ಣನ್ನು ನಂಬಿ ವೇಗವನ್ನು ತಗ್ಗಿಸಿದರೆ ರೆಕ್ಕೆಯು ಆಧಾರವನ್ನು ಕಳೆದುಕೊಂಡು ವಿಮಾನ ಕುಸಿಯುತ್ತದೆ. ಮಾಪಕವನ್ನೇ ನಂಬಿ ಇಳಿದರೋ, ಚಕ್ರ ನೆಲ ಮುಟ್ಟಿದ ಮೇಲೆ ತಡೆಹಿಡಿಯಬೇಕಾದ ಚಲನಶಕ್ತಿಯು ಕಡಲತೀರದಲ್ಲಿದ್ದುದಕ್ಕಿಂತ ನೂರಕ್ಕೆ ಸುಮಾರು 40ರಷ್ಟು ಹೆಚ್ಚು. ಇಳಿಯಲಾರದೆ ಮತ್ತೆ ಮೇಲೇರೋಣವೆಂದರೆ ಆರೋಹಣದ ಬಲ ಕ್ಷೀಣ, ಸುತ್ತಲೂ ಪರ್ವತ. ಮೆಹರ್ ಸಿಂಗರು ಅಂದು ಇಂತಹ ನೆಲವನ್ನು, ಮೊದಲು ಇಳಿದವರೊಬ್ಬರ ಅನುಭವವೂ ಇಲ್ಲದೆ, ಮೊದಲ ಬಾರಿಗೆ ಮುಟ್ಟಿದರು ಎಂಬುದನ್ನು ನೆನೆದಾಗಲೇ ಆ ಸಾಹಸದ ಗಾತ್ರ ಅರಿವಾಗುವುದು.

ಮೂರನೆಯ ಉಪಾಯವಾದ ಬಲವರ್ಧನೆಯಲ್ಲಿ ಬೆಂಗಳೂರಿಗೂ ಪಾಲುಂಟು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು, ಯುದ್ಧಾನಂತರ ಹಳೆಯ ಡಕೋಟಾಗಳನ್ನು ಜೀರ್ಣೋದ್ಧಾರ ಮಾಡಿ ಹಾರಾಟಕ್ಕೆ ಸಿದ್ಧಗೊಳಿಸಿತು. ಮುಂದೆ ನ್ಯಾಟ್ ಯುದ್ಧವಿಮಾನಕ್ಕಾಗಿ ಆರ್ಫಿಯಸ್ ಎಂಬ ಜೆಟ್ ಎಂಜಿನ್ನನ್ನು ತಯಾರಿಸಲಾರಂಭಿಸಿತು. ಡಕೋಟಾದ ಅನಂತರ ಲಡಾಖಕ್ಕೆ ಸಾಮಗ್ರಿಯನ್ನು ಹೊತ್ತ ಪ್ಯಾಕೆಟ್ ವಿಮಾನಗಳ ಎರಡು ಎಂಜಿನ್ನುಗಳು ಆ ಎತ್ತರದಲ್ಲಿ ಏದುಸಿರು ಬಿಡುತ್ತಿದ್ದುದನ್ನು ಕಂಡು, ಅವುಗಳ ಬೆನ್ನಿನ ಮೇಲೆ ಮೊದಲು ಅಮೆರಿಕದ ಜೆಟ್ ಎಂಜಿನ್ನನ್ನೂ ಮುಂದೆ ಬೆಂಗಳೂರಿನ ಆರ್ಫಿಯಸನ್ನೂ ಕೂರಿಸಲಾಯಿತು. ನೆಲ ಬಿಡುವಾಗ ಮತ್ತು ಏರುವಾಗ ಈ ಮೂರನೆಯ ಎಂಜಿನ್ನಿನ ನೂಕು ಬಲವು ಕೊರತೆಯನ್ನು ತುಂಬಿಕೊಡುತ್ತಿದ್ದಿತು. 1962ರ ಜುಲೈಯಲ್ಲಿ ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ಅವರು ಪ್ಯಾಕೆಟ್ ವಿಮಾನವೊಂದನ್ನು 16,600 ಅಡಿಗಳಷ್ಟು ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿಸಿದರು. ಗಾಳಿಯ ಸಾಂದ್ರತೆಯು ಸಮುದ್ರಮಟ್ಟದಲ್ಲಿರುವುದರ ಐದರಲ್ಲಿ ಮೂರು ಪಾಲಿಗೆ ಇಳಿದಿರುವ ಸ್ಥಳವದು. ಅದೇ ವರ್ಷದ ಅಕ್ಟೋಬರಿನಲ್ಲಿ ನಾಲ್ಕು ಎಂಜಿನ್ನುಗಳ ಆಂಟೊನೊವ್ ವಿಮಾನಗಳು ಲಡಾಖದ ಚುಶೂಲಿಗೆ ಯುದ್ಧಟ್ಯಾಂಕುಗಳನ್ನೇ ಹೊತ್ತೊಯ್ದುವು.

ಇಂದು ಲೇಹಕ್ಕೆ ಜೆಟ್ ವಿಮಾನದಲ್ಲಿ ಹೋಗುವ ಪ್ರವಾಸಿಯು, ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತೇ ಏಕೆ ಬಂದು ಹೋಗುತ್ತವೆ, ಮರಳುವಾಗ ಭಾರವನ್ನು ಏಕೆ ಅಷ್ಟು ಬಿಗಿಯಾಗಿ ಲೆಕ್ಕಹಾಕುತ್ತಾರೆ ಎಂದು ಬೆರಗಾಗುವುದುಂಟು. ಬಿಸಿಲೇರಿದಂತೆ ಗಾಳಿ ತೆಳುವಾಗುವುದು, ಮಧ್ಯಾಹ್ನದ ಮೇಲೆ ಕಣಿವೆಯಲ್ಲಿ ಬಿರುಗಾಳಿ ಏಳುವುದು ಇದಕ್ಕೆ ಕಾರಣ; ಭಾರದ ಆ ಬಿಗಿಯೇ ಮೇಲೆ ಹೇಳಿದ ಎರಡನೆಯ ಉಪಾಯ. ಏರಿನ ಕಡೆಗೆ ಇಳಿದು ಇಳಿಜಾರಿನ ಕಡೆಗೆ ಏರುವ ಪದ್ಧತಿಯೂ ತೆಳುಗಾಳಿಯ ಅದೇ ನಿಯಮಕ್ಕೆ ಮಣಿದುದು. ಎಂಜಿನ್ನು ಎಷ್ಟೇ ಬಲಿಷ್ಠವಾದರೂ ಆ ನಿಯಮದಿಂದ ವಿನಾಯಿತಿ ದೊರೆಯಲಿಲ್ಲ. ದೊರೆತುದು ಅದರೊಳಗೇ ಬಾಳುವ ವಿವೇಕ. ಆದುದರಿಂದ ವಿಮಾನಚರಿತ್ರೆಯನ್ನು ಬರೆಯುವವರು ಚಾಲಕನ ಹೆಸರಿನೊಡನೆ, ನೆಲವನ್ನು ಹಸನುಮಾಡಿದ ಇಂಜಿನಿಯರನ ಹೆಸರನ್ನೂ, ಕಲ್ಲು ಹೊತ್ತ ಲಡಾಖಿಗಳ ಶ್ರಮವನ್ನೂ, ಎಂಜಿನ್ನು ಕಟ್ಟಿದ ಬೆಂಗಳೂರಿನ ಕಾರ್ಮಿಕರ ಕೈಚಳಕವನ್ನೂ ಒಂದೇ ಪುಟದಲ್ಲಿ ಬರೆಯತಕ್ಕದ್ದು. ಏಕೆಂದರೆ ಗಾಳಿಯು ಹಿಂತೆಗೆದುಕೊಂಡ ಆಸರೆಯನ್ನು ವಿಮಾನಕ್ಕೆ ಮರಳಿ ಒದಗಿಸಿದವರು ಅವರೆಲ್ಲರೂ ಸೇರಿಯೇ.